ಸ್ಯಾಕ್ಸೋಫೋನಿನ ಗುರುಪರಂಪರೆ

ಕಾಳಿದಾಸನ ‘ಮಾಲವಿಕಾಗ್ನಿಮಿತ್ರ’ದ ಮೊದಲನೆಯ ಅಂಕದಲ್ಲಿ ಗಣದಾಸ, ಹರದತ್ತರೆಂಬ ಇಬ್ಬರು ನಾಟ್ಯಾಚಾರ್ಯರು ತಮ್ಮಲ್ಲಿ ಯಾರು ಹೆಚ್ಚಿನವರೆಂದು ವಾದಿಸುತ್ತ ರಾಜನ ಎದುರಿಗೆ ಬಂದು ನಿಲ್ಲುತ್ತಾರೆ. ಆ ಪ್ರಸಂಗದಲ್ಲಿ ಕವಿಯು ಪರಿವ್ರಾಜಿಕೆಯ ಬಾಯಿಂದ ಒಂದು ತತ್ತ್ವವನ್ನು ಹೇಳಿಸಿದ್ದಾನೆ. ಕೆಲವರಲ್ಲಿ ವಿದ್ಯೆಯು ಅವರ ಸ್ವಂತ ಪ್ರಯೋಗದಲ್ಲಿಯೇ ಸೊಗಸಾಗಿ ನೆಲೆಸಿರುತ್ತದೆ. ಇನ್ನು ಕೆಲವರಲ್ಲಿ ಅದನ್ನು ಮತ್ತೊಬ್ಬರಿಗೆ ದಾಟಿಸುವ ಶಕ್ತಿಯು ವಿಶೇಷವಾಗಿರುತ್ತದೆ. ಎರಡೂ ಯಾರಲ್ಲಿ ಕೂಡಿವೆಯೋ ಅವರೇ ಉಪಾಧ್ಯಾಯರಲ್ಲಿ ಅಗ್ರಗಣ್ಯರು ಎಂಬುದು ಅದರ ತಾತ್ಪರ್ಯ. ಮೊದಲನೆಯದಕ್ಕೆ ಕ್ರಿಯೆಯೆಂದೂ ಎರಡನೆಯದಕ್ಕೆ ಸಂಕ್ರಾಂತಿಯೆಂದೂ ಅಲ್ಲಿ ಹೆಸರು.

ಈ ನಾಟಕವನ್ನು ಅನೇಕ ವರ್ಷ ವಿದ್ಯಾರ್ಥಿಗಳಿಗೆ ಪಾಠ ಹೇಳಿದ ನಾನು, ನನ್ನ ಮನೆಯಲ್ಲಿಯೇ ಅಂಥ ಸಂದರ್ಭವು ಒದಗಿದಾಗ ಈ ತತ್ತ್ವವನ್ನು ಮರೆತೆನೆಂದು ಹೇಳಲು ನಾಚಿಕೆಯಾಗುತ್ತದೆ. ನನ್ನ ಮಗಳ ಮಗನಿಗೆ ಸ್ಯಾಕ್ಸೋಫೋನ್ ಕಲಿಯಬೇಕೆಂಬ ಹಂಬಲ ಹುಟ್ಟಿತು. ದೇವಸ್ಥಾನದ ಉತ್ಸವವೊಂದರಲ್ಲಿ ಒಬ್ಬ ವಾದಕರು ನುಡಿಸಿದುದನ್ನು ಕೇಳಿ ತಲೆದೂಗಿದ್ದ ನಾನು, ಬೇರೇನನ್ನೂ ವಿಚಾರಿಸದೆ, ಅವರಲ್ಲಿಗೇ ಹುಡುಗನನ್ನು ಕಳುಹಿಸಿರೆಂದು ಸಲಹೆ ಕೊಟ್ಟೆನು. ಎರಡು ವರ್ಷ ಕಳೆದುವು. ಹುಡುಗನ ಬೆರಳುಗಳು ಓಡುತ್ತವೆ. ಹತ್ತಾರು ಹಾಡುಗಳು ಬರುತ್ತವೆ. ಆದರೆ ತಂಬೂರಿಯ ಮುಂದೆ ಕುಳ್ಳಿರಿಸಿ ಒಂದು ಷಡ್ಜವನ್ನು ಹಿಡಿದು ನಿಲ್ಲಿಸಪ್ಪಾ ಎಂದರೆ ಅದು ನಿಲ್ಲದು. “ಅಜ್ಜ, ನನಗೆ ಸಂಗೀತ ಬರುವುದಿಲ್ಲವೋ ಏನೋ” ಎಂದು ಒಂದು ಸಂಜೆ ಅವನು ವಾದ್ಯವನ್ನು ಪೆಟ್ಟಿಗೆಯಲ್ಲಿಟ್ಟುಬಿಟ್ಟನು. ಆ ವಾದಕರ ವಿದ್ವತ್ತಿನಲ್ಲಿ ಲೋಪವಿಲ್ಲ. ಅವರು ನುಡಿಸಿ ತೋರಿಸಿದರು, ಇವನು ಅನುಕರಿಸಿದನು. ಕ್ರಿಯೆಯನ್ನು ಕಂಡು ಸಂಕ್ರಾಂತಿಯೂ ಇದೆಯೆಂದು ಬಗೆದ ತಪ್ಪು ನನ್ನದು. ಈ ವ್ಯಸನದಿಂದ ನಾನು ಆ ವಾದ್ಯದ ಚರಿತ್ರೆಯನ್ನು ಓದತೊಡಗಿದೆನು. ಅದರಲ್ಲಿ ವಾದ್ಯದ ಚರಿತ್ರೆಗಿಂತ ಹೆಚ್ಚಾಗಿ ಅದಕ್ಕೆ ತಕ್ಕ ಗುರುವು ದೊರೆತ, ದೊರೆಯದೆ ಹೋದ ಚರಿತ್ರೆಯೇ ನನಗೆ ಕಂಡಿತು.

ನಮ್ಮ ವಾದ್ಯಗಳಲ್ಲಿ ವೀಣೆಯ ಕರ್ತೃ ಯಾರು, ವೇಣುವಿನ ಕರ್ತೃ ಯಾರು ಎಂದರೆ ಪುರಾಣವನ್ನು ಆಶ್ರಯಿಸಬೇಕಾಗುತ್ತದೆ. ಸ್ಯಾಕ್ಸೋಫೋನಿನ ವಿಷಯ ಹಾಗಲ್ಲ. ಈಗಿನ ಬೆಲ್ಜಿಯಂ ದೇಶದ ದಿನಾಂ ಎಂಬ ಊರಿನಲ್ಲಿ 1814ರಲ್ಲಿ ಹುಟ್ಟಿದ ಅಡಾಲ್ಫ್ ಸ್ಯಾಕ್ಸ್ ಎಂಬಾತನು ಇದರ ನಿರ್ಮಾತೃ. ತಂದೆಯೂ ವಾದ್ಯಶಿಲ್ಪಿಯೇ. ಮಗನು ಬ್ರಸೆಲ್ಸಿನ ಸಂಗೀತಶಾಲೆಯಲ್ಲಿ ಕ್ಲಾರಿಯೊನೆಟನ್ನು ಅಭ್ಯಾಸಮಾಡಿ, ಪ್ಯಾರಿಸಿಗೆ ಹೋಗಿ ನೆಲಸಿ, 1846ರಲ್ಲಿ ತನ್ನ ಹೊಸ ವಾದ್ಯಕ್ಕೆ ಸರ್ಕಾರದ ಹಕ್ಕುಪತ್ರವನ್ನು ಪಡೆದನು. ವಾದ್ಯದ ಮೈ ಹಿತ್ತಾಳೆಯದು. ಆದರೂ ನಾದವು ಹುಟ್ಟುವುದು ಬಾಯಲ್ಲಿ ಹಿಡಿದ ಒಂಟಿ ರೀಡಿನಿಂದ. ಆದುದರಿಂದ ಇದನ್ನು ಪಾಶ್ಚಾತ್ಯರು ಕೊಳಲು, ಕ್ಲಾರಿಯೊನೆಟುಗಳ ಪಂಕ್ತಿಯಲ್ಲಿಯೇ ಸೇರಿಸುತ್ತಾರೆ. ಕೊಳವೆಯು ಮೇಲಿನಿಂದ ಕೆಳಕ್ಕೆ ಅಗಲವಾಗುತ್ತ ಹೋಗುವುದರಿಂದ ಕೆಳಗಿನ ಸ್ಥಾಯಿಯಲ್ಲಿ ಬೆರಳಿಟ್ಟಂತೆಯೇ ಮೇಲಿನ ಸ್ಥಾಯಿಯಲ್ಲಿಯೂ ಬಹುಮಟ್ಟಿಗೆ ಬೆರಳಿಡಬಹುದು. ಕ್ಲಾರಿಯೊನೆಟಿನಲ್ಲಿ ಈ ಸೌಕರ್ಯವಿಲ್ಲ. ಇದರಿಂದ ಆರಂಭವು ಸುಲಭ. ಆರಂಭವು ಸುಲಭವಾದ ವಿದ್ಯೆಗೆ ಗುರುವು ಬೇಕಿಲ್ಲವೆಂಬ ಭ್ರಮೆಯೂ ಬೇಗ ಹುಟ್ಟುತ್ತದೆ.

ಫ್ರೆಂಚ್ ಸೈನ್ಯದ ವಾದ್ಯಗೋಷ್ಠಿಗಳಲ್ಲಿ ಈ ವಾದ್ಯಕ್ಕೆ ಸ್ಥಾನ ದೊರೆಯಿತು. ಸೈನಿಕರಿಗೆ ಕಲಿಸುವವರು ಬೇಕಾದರು. 1857ರಲ್ಲಿ ಪ್ಯಾರಿಸಿನ ರಾಷ್ಟ್ರೀಯ ಸಂಗೀತಶಾಲೆಯಲ್ಲಿ ಸೈನಿಕ ವಿದ್ಯಾರ್ಥಿಗಳಿಗಾಗಿ ಒಂದು ತರಗತಿಯು ಏರ್ಪಟ್ಟಿತು. ಅದರ ಉಪಾಧ್ಯಾಯನು ಅಡಾಲ್ಫ್ ಸ್ಯಾಕ್ಸನೇ. ವಾದ್ಯವನ್ನು ಕಲ್ಪಿಸಿದವನೇ ಅದರ ಮೊದಲನೆಯ ಆಚಾರ್ಯನೂ ಆದುದು ಅಪೂರ್ವವಾದ ಸಂಯೋಗ. ಆದರೆ 1870ರಲ್ಲಿ ಪ್ರಷ್ಯದೊಡನೆ ಯುದ್ಧವು ಬಂದಿತು, ತರಗತಿಯು ಮುಚ್ಚಿತು. ಸ್ಯಾಕ್ಸನು 1894ರಲ್ಲಿ ತೀರಿಕೊಂಡನು. ಅವನ ಜೀವಿತಕಾಲದಲ್ಲಿ ಆ ಬಾಗಿಲು ಮತ್ತೆ ತೆರೆಯಲಿಲ್ಲ. ಅದು ತೆರೆದುದು 1942ರಲ್ಲಿ, ಮಾರ್ಸೆಲ್ ಮ್ಯೂಲ್ ಎಂಬ ವಾದಕನು ಆಚಾರ್ಯಪದವಿಗೆ ಬಂದಾಗ.

ಈ ಮಧ್ಯದ 72 ವರ್ಷಗಳಲ್ಲಿ ವಾದ್ಯವು ಸುಮ್ಮನಿರಲಿಲ್ಲವೆಂಬುದನ್ನು ವಾಚಕರು ಗಮನಿಸಬೇಕು. ಸೈನ್ಯದ ಬ್ಯಾಂಡುಗಳೊಡನೆ ಅದು ಸಮುದ್ರಗಳನ್ನು ದಾಟಿತು. ಅಮೆರಿಕದ ನೃತ್ಯಶಾಲೆಗಳನ್ನು ಹೊಕ್ಕು ಜಾಜ್ ಸಂಗೀತದ ಪ್ರಾಣವೇ ಆಯಿತು. ಅಲ್ಲಿಯ ವಾದಕರು ಹಿರಿಯರ ಪಕ್ಕದಲ್ಲಿ ಕುಳಿತು, ಗ್ರಾಮಫೋನಿನ ತಟ್ಟೆಗಳನ್ನು ಮತ್ತೆಮತ್ತೆ ಕೇಳಿ ಕಲಿತರು. ಅವರಲ್ಲಿ ಮಹಾವಿದ್ವಾಂಸರೂ ಆದರು. ಪಾಠಶಾಲೆಯಿಲ್ಲದೆ ವಿದ್ಯೆಯಿಲ್ಲವೆಂದು ಯಾರೂ ಸಾಧಿಸಲಾರರು. ಆದರೆ ಸಾಮಾನ್ಯ ವಿದ್ಯಾರ್ಥಿಯ ಪಾಡೇನು? ಪ್ರತಿಭಾವಂತನು ಗುರುವಿಲ್ಲದೆಡೆಯಲ್ಲಿಯೂ ಗುರುವನ್ನು ಕಲ್ಪಿಸಿಕೊಳ್ಳುತ್ತಾನೆ. ನಮ್ಮ ನಿಮ್ಮ ಮಕ್ಕಳು ಪುಸ್ತಕವನ್ನು ಮುಂದಿಟ್ಟುಕೊಂಡು ಕುಳಿತುಕೊಳ್ಳುತ್ತಾರೆ. ಬರೆದುದನ್ನು ನೋಡಿಕೊಂಡು ಓದುವವನನ್ನೂ ಅರ್ಥವನ್ನರಿಯದೆ ಓದುವವನನ್ನೂ ಪಾಣಿನೀಯ ಶಿಕ್ಷೆಯು ಅಧಮ ಪಾಠಕರ ಪಟ್ಟಿಯಲ್ಲಿ ಸೇರಿಸಿರುವುದು ವೇದಪಾಠಕ್ಕೆ ಮಾತ್ರ ಸಲ್ಲುವ ಮಾತಲ್ಲ.

ಇನ್ನು ನಮ್ಮ ದೇಶಕ್ಕೆ ಬರೋಣ. ಇಂಗ್ಲಿಷರ ದಂಡುಗಳ ಬ್ಯಾಂಡುಗಳನ್ನು ನೋಡಿ ದೇಶೀಯ ಸಂಸ್ಥಾನಗಳೂ ಅವನ್ನು ಏರ್ಪಡಿಸಿಕೊಂಡುವು. ಮೈಸೂರಿನ ಅರಮನೆಯಲ್ಲಿ ಪಾಶ್ಚಾತ್ಯ ಬ್ಯಾಂಡಿನ ಜೊತೆಗೆ ಕರ್ನಾಟಕ ಸಂಗೀತದ ಬ್ಯಾಂಡೂ ಇದ್ದಿತು. ಆದರೆ ಗೋಷ್ಠಿಯಲ್ಲಿ ಒಂದು ವಾದ್ಯವು ಇರುವುದು ಬೇರೆ. ಒಂಟಿಯಾಗಿ ಕುಳಿತು ರಾಗವನ್ನು ಆಲಾಪಿಸುವುದು ಬೇರೆ. ತೋಡಿಯ ಗಾಂಧಾರವನ್ನೇ ತೆಗೆದುಕೊಳ್ಳಿ. ಅದು ನಿಂತ ಸ್ವರವಲ್ಲ, ಆಂದೋಲಿಸುವ ಸ್ವರ. ಸ್ಯಾಕ್ಸೋಫೋನಿನಲ್ಲಿ ಒಂದೊಂದು ಸ್ವರಕ್ಕೂ ಕೀಗಳುಂಟು. ಆ ಆಂದೋಲನಕ್ಕೆ ಮಾತ್ರ ಯಾವ ಕೀಯೂ ಇಲ್ಲ. ಅದು ತುಟಿಯ ಒತ್ತಡದಲ್ಲಿ, ಗಂಟಲಿನ ಹಿಡಿತದಲ್ಲಿ, ಉಸಿರಿನ ಏರಿಳಿತದಲ್ಲಿ, ಎಲ್ಲಕ್ಕಿಂತ ಮೊದಲು ಕಿವಿಯಲ್ಲಿ ಹುಟ್ಟಬೇಕು. ಪಾಶ್ಚಾತ್ಯ ಬ್ಯಾಂಡಿನ ಶಿಕ್ಷಕನು ಕೀಗಳನ್ನು ಬಲ್ಲನು, ಗಾಂಧಾರವನ್ನು ಅರಿಯನು. ನಮ್ಮ ಗಾಯಕನು ಗಾಂಧಾರವನ್ನು ಬಲ್ಲನು, ಕೀಗಳನ್ನು ಅರಿಯನು. ಹೀಗಿರುವಲ್ಲಿ ಶಿಷ್ಯನು ಯಾರ ಮನೆಯ ಬಾಗಿಲಿಗೆ ಹೋಗಬೇಕು?

ಈ ಪ್ರಶ್ನೆಯು ಸ್ಯಾಕ್ಸೋಫೋನಿನಿಂದಲೇ ಹುಟ್ಟಿದುದಲ್ಲ. ಮುತ್ತುಸ್ವಾಮಿ ದೀಕ್ಷಿತರ ತಮ್ಮಂದಿರಾದ ಬಾಲುಸ್ವಾಮಿ ದೀಕ್ಷಿತರಿಗೂ ಇದೇ ಪ್ರಶ್ನೆ ಎದುರಾಗಿದ್ದಿತು. ಅವರು ಮದರಾಸಿನಲ್ಲಿ ಐರೋಪ್ಯ ಶಿಕ್ಷಕನೊಬ್ಬನಿಂದ ಪಿಟೀಲನ್ನು ಹಿಡಿಯುವ, ಕಮಾನನ್ನು ಎಳೆಯುವ ಕ್ರಮವನ್ನು ಕಲಿತರು. ರಾಗಜ್ಞಾನವಾದರೋ ರಾಮಸ್ವಾಮಿ ದೀಕ್ಷಿತರ ಮನೆಯಲ್ಲಿಯೇ ಇದ್ದಿತು. ಎರಡೂ ಒಬ್ಬ ಶಿಷ್ಯನಲ್ಲಿ ಸೇರಿದ ಮೇಲೆ ಪಿಟೀಲು ಪರದೇಶದ ವಾದ್ಯವಾಗಿ ಉಳಿಯಲಿಲ್ಲ. ಅದಿಲ್ಲದೆ ಕಚೇರಿಯೇ ಇಲ್ಲವೆಂಬ ಸ್ಥಿತಿ ಬಂದಿತು.

ಸ್ಯಾಕ್ಸೋಫೋನಿನಲ್ಲಿ ಈ ಕಾರ್ಯವು ನಡೆದುದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯವರಿಂದ ಎಂಬುದು ನಮಗೆ ಹೆಮ್ಮೆಯ ವಿಷಯ. ಕದ್ರಿ ಗೋಪಾಲನಾಥರು 1949ರಲ್ಲಿ ಬಂಟ್ವಾಳ ತಾಲ್ಲೂಕಿನ ಸಜಿಪಮೂಡದಲ್ಲಿ ಹುಟ್ಟಿದರು. ತಂದೆ ತನಿಯಪ್ಪನವರು ನಾಗಸ್ವರ ವಿದ್ವಾಂಸರು. ಮಗನಿಗೆ ಮೊದಲ ಪಾಠ ಅವರಿಂದಲೇ, ನಾಗಸ್ವರದಲ್ಲಿಯೇ. ಬಾಲ್ಯದಲ್ಲಿ ಮೈಸೂರಿನ ಅರಮನೆಯ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನನ್ನು ಕೇಳಿ ಆ ಹುಡುಗನ ಮನಸ್ಸು ಅದರಲ್ಲಿ ನೆಟ್ಟಿತು. ಮಂಗಳೂರಿನ ಕಲಾನಿಕೇತನದ ಗೋಪಾಲಕೃಷ್ಣ ಅಯ್ಯರ್ ಅವರಲ್ಲಿ ಕರ್ನಾಟಕ ಸಂಗೀತವನ್ನು ಈ ವಾದ್ಯದ ಮೇಲೆ ಸಾಧಿಸುವ ಶಿಕ್ಷಣವಾಯಿತು. ಮುಂದೆ ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಅವರು ಇವರಲ್ಲಿದ್ದ ಶಕ್ತಿಯನ್ನು ಗುರುತಿಸಿ ತಿದ್ದಿದರು. ಗೋಪಾಲಕೃಷ್ಣನ್ ಅವರು ಚೆಂಬೈ ವೈದ್ಯನಾಥ ಭಾಗವತರ ಶಿಷ್ಯರು, ಗಾಯಕರು, ಮೃದಂಗ ವಿದ್ವಾಂಸರು.

ಇಲ್ಲಿ ಒಂದು ಅಂಶವು ವಿಚಾರಾರ್ಹವಾಗಿದೆ. ಮೊದಲ ಗುರುವಿನ ವಾದ್ಯವು ನಾಗಸ್ವರ. ಅದರ ಸೀವಾಳಿಯು ಜೋಡಿ ದಳದ್ದು, ಸ್ಯಾಕ್ಸೋಫೋನಿನ ರೀಡು ಒಂಟಿ. ಬಾಯಿ ಹಿಡಿಯುವ ಕ್ರಮವೇ ಬೇರೆ. ಕೊನೆಯ ಗುರುವಿನ ವಿದ್ಯೆ ಕಂಠದ್ದು, ಮೃದಂಗದ್ದು. ಸ್ಯಾಕ್ಸೋಫೋನಿನ ಮಹಾವಿದ್ವಾಂಸರೊಬ್ಬರು ಹೀಗೆ ಆ ವಾದ್ಯದ ವಾದಕರಲ್ಲದವರ ಕೈಯಲ್ಲಿ ಸಿದ್ಧರಾದರು. ಒಬ್ಬರಿಂದ ಉಸಿರಿನ ಬಲವೂ ಗಮಕದ ಸಂಸ್ಕಾರವೂ ಬಂದುವು; ಮತ್ತೊಬ್ಬರಿಂದ ಸಾಹಿತ್ಯವೂ ಲಯವೂ ಕಚೇರಿಯ ಔಚಿತ್ಯವೂ ಬಂದುವು. ಇವೆಲ್ಲವನ್ನೂ ಹಿತ್ತಾಳೆಯ ಮೈಗೆ ಹೊಂದಿಸುವ ದುಡಿಮೆ ಮಾತ್ರ ಶಿಷ್ಯರದೇ. ಗಮಕಗಳಿಗೆ ಅನುಕೂಲವಾಗುವಂತೆ ವಾದ್ಯವನ್ನೇ ಅವರು ಮಾರ್ಪಡಿಸಿಕೊಂಡರು. ಅದು ವಶವಾಗಲು ಸುಮಾರು 20 ವರ್ಷಗಳ ಸಾಧನೆ ಬೇಕಾಯಿತು. 1980ರಲ್ಲಿ ಮುಂಬಯಿಯ ಜಾಜ್ ಉತ್ಸವದಲ್ಲಿ ಅಮೆರಿಕದ ವಾದಕ ಜಾನ್ ಹ್ಯಾಂಡಿಯೊಡನೆ ಅವರು ನುಡಿಸಿದರು. 1994ರಲ್ಲಿ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಬಿ.ಬಿ.ಸಿ. ಸಂಸ್ಥೆಯ ಪ್ರಾಮೆನೇಡ್ ಕಚೇರಿಗೆ ಆಹ್ವಾನಿತರಾದರು. 2004ರಲ್ಲಿ ಪದ್ಮಶ್ರೀ ಪ್ರಶಸ್ತಿ ಬಂದಿತು. 2019ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ಅವರು ದಿವಂಗತರಾದರು. ಅವರು ತಾವೇ ಅನೇಕರಿಗೆ ಗುರುಗಳಾದುದರಿಂದ, ತಾವು ಎದುರಿಸಿದ್ದ ಕಷ್ಟವನ್ನು ಮುಂದಿನವರಿಗೆ ಬಹಳಮಟ್ಟಿಗೆ ಕಡಮೆ ಮಾಡಿಹೋದರು. ಇಂದು ಕರಾವಳಿಯ ಉತ್ಸವಗಳಲ್ಲಿಯೂ ಮದುವೆಯ ಮಂಟಪಗಳಲ್ಲಿಯೂ ಈ ನಾದವು ಮನೆಯದಾಗಿಬಿಟ್ಟಿದೆ.

ಈ ಚರಿತ್ರೆಯಿಂದ ಗೃಹಸ್ಥರು ತಿಳಿಯಬೇಕಾದುದೇನು? ವಾದ್ಯಕ್ಕೆ ಒಬ್ಬ ಗುರು, ಸಂಗೀತಕ್ಕೆ ಒಬ್ಬ ಗುರು ಬೇಕಾಗುತ್ತಾರೆ. ಇಬ್ಬರೂ ಒಬ್ಬರಲ್ಲಿಯೇ ದೊರೆತರೆ ಅದು ಭಾಗ್ಯ. ರೀಡನ್ನು ಆರಿಸುವುದು, ಕೆಳತುಟಿಯನ್ನು ಹಲ್ಲಿನ ಮೇಲೆ ಹದವಾಗಿ ಮಡಿಸುವುದು, ಹೊಟ್ಟೆಯಿಂದ ಉಸಿರನ್ನು ತರುವುದು, ಹೆಗಲಿಗೆ ನೋವಾಗದಂತೆ ವಾದ್ಯವನ್ನು ತೂಗಹಾಕುವುದು ಇವು ವಾದಕನಿಂದಲೇ ಬರಬೇಕು. ಶ್ರುತಿ, ಲಯ, ಸಾಹಿತ್ಯದ ಪದವು ಮುರಿಯದಂತೆ ಉಸಿರನ್ನು ತೆಗೆದುಕೊಳ್ಳುವ ಸ್ಥಾನ ಇವುಗಳಿಗೆ ಹಾಡುವವರ ಬಳಿಗೆ ಹೋಗುವುದರಿಂದ ಅವಮಾನವಿಲ್ಲ. ಮೊದಲು ಹಾಡಿಸಿ ಆಮೇಲೆ ನುಡಿಸುವ ಗುರುವು ಕಾಲವನ್ನು ಕಳೆಯುತ್ತಿದ್ದಾನೆಂದು ತಾಯಿತಂದೆಗಳು ಅವಸರಪಡಬಾರದು.

ಮತ್ತೊಂದು ಮಾತು. ಕಾಳಿದಾಸನ ನಾಟಕದಲ್ಲಿ ಆಚಾರ್ಯರ ತಾರತಮ್ಯವನ್ನು ನಿರ್ಣಯಿಸಲು ಆಚಾರ್ಯರನ್ನು ಕುಣಿಸಲಿಲ್ಲ. ಶಿಷ್ಯೆಯಾದ ಮಾಲವಿಕೆಯನ್ನು ರಂಗಕ್ಕೆ ಕರೆತಂದರು. ರಾಜನಿಗೆ ಅದರಲ್ಲಿ ಬೇರೆ ಪ್ರಯೋಜನವಿದ್ದುದು ನಿಜ. ಆದರೂ ಪರೀಕ್ಷೆಯ ಕ್ರಮವು ನ್ಯಾಯವಾದುದು. ನಾನು ಉತ್ಸವದಲ್ಲಿ ಗುರುವಿನ ವಾದನವನ್ನು ಕೇಳಿದೆನೇ ಹೊರತು ಅವರ ಶಿಷ್ಯರಲ್ಲಿ ಒಬ್ಬನ ಷಡ್ಜವನ್ನೂ ಕೇಳಲಿಲ್ಲ. ಆ ಒಂದು ಸಂಜೆಯ ಸೋಮಾರಿತನಕ್ಕೆ ಹುಡುಗನು ಎರಡು ವರ್ಷವನ್ನು ತೆತ್ತನು. ತನಗೆ ಸಂಗೀತವೇ ಬಾರದೆಂಬ ಸುಳ್ಳನ್ನೂ ನಂಬಿದನು.

ಈಗ ಅವನು ವಾರಕ್ಕೆ ಎರಡು ದಿನ ನಮ್ಮ ಬೀದಿಯ ಸಂಗೀತದ ಅಮ್ಮನವರಲ್ಲಿಗೆ ಹೋಗಿ ಮಾಯಾಮಾಳವಗೌಳದ ಸರಳೆಯನ್ನು ಬಾಯಲ್ಲಿ ಹಾಡಿ ಬರುತ್ತಾನೆ. ಆಕೆ ಸ್ಯಾಕ್ಸೋಫೋನನ್ನು ಮುಟ್ಟಿದವರಲ್ಲ. ಹಳೆಯ ವಾದಕರಲ್ಲಿಯೂ ಪಾಠ ನಡೆದಿದೆ. ಸಂಗತಿಯನ್ನು ಹೇಳಿದಾಗ ಅವರು ಕೋಪಿಸಿಕೊಳ್ಳಲಿಲ್ಲ, “ಇದನ್ನು ಮೊದಲೇ ಮಾಡಬೇಕಾಗಿತ್ತು ಮಾಸ್ತರೇ” ಎಂದರು. ಪೆಟ್ಟಿಗೆಯು ಮತ್ತೆ ತೆರೆದಿದೆ. ಷಡ್ಜವು ಇನ್ನೂ ಸ್ವಲ್ಪ ನಡುಗುತ್ತದೆ. ಆದರೆ ಅದು ನಡುಗುತ್ತಿದೆಯೆಂಬುದು ಈಗ ಅವನಿಗೇ ಕೇಳಿಸುತ್ತದೆ.

ಸಂಗೀತಶಾಸ್ತ್ರದಲ್ಲಿ ನಾನು ಪರಿಣತನಲ್ಲ. ಇಲ್ಲಿ ದೋಷಗಳಿದ್ದರೆ ಬಲ್ಲವರು ತಿದ್ದಿದಲ್ಲಿ ಉಪಕೃತನಾಗುವೆನು.