ಕಲ್ಲಿನ ಮೇಲಿನ ಕ್ಯಾಪ್ಷನ್: ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನ

ಸ್ಮಶಾನ ಡೈರಿ, 7ನೇ ಕಂತು

1/6

ಬೆಂಗಳೂರು-ಮೈಸೂರು ಹಳೇ ಹೈವೇಯಲ್ಲಿ ಶ್ರೀರಂಗಪಟ್ಟಣ ಬಂದ್ರೆ ಬಸ್ಸಲ್ಲಿರೋ ಎಲ್ಲರೂ ಕೋಟೆ ಗೋಡೆ ಕಡೆ, ರಂಗನಾಥನ ಗೋಪುರದ ಕಡೆ ನೋಡ್ತಾರೆ. ಹೈವೇಯಿಂದ ಸುಮಾರು 300 ಮೀಟರ್ ಒಳಗೆ, ಕಾವೇರಿ ದಂಡೆಯ ಹತ್ರ ಒಂದು ಹಳೇ ಸ್ಮಶಾನ ಇದೆ. ಹೆಸರು ಗ್ಯಾರಿಸನ್ ಸ್ಮಶಾನ. ಇಟ್ಟಿಗೆ-ಗಾರೆಯ ಸುಮಾರು 300 ಗೋರಿಗಳು. ಕೆಲವು ಪಿರಮಿಡ್ ಥರ ಚೂಪಾಗಿ ಮೇಲೆದ್ದಿವೆ, ಕೆಲವು ಚಿಕ್ಕ ಗುಡಿ ಥರ ಇವೆ, ಇನ್ನು ಕೆಲವು ಬರೀ ಉದ್ದನೆಯ ಪೆಟ್ಟಿಗೆ.

"ಮತ್ತೆ ಸ್ಮಶಾನಾನಾ ಮಾರಾಯ?" ಅಂತ ಕಾಮೆಂಟ್ ಹಾಕೋರಿಗೆ ಮೊದಲೇ ಹೇಳಿಬಿಡ್ತೀನಿ: ಹೌದು, ಮತ್ತೆ ಸ್ಮಶಾನಾನೇ. ಈ ಜಾಗದ ಹೆಸರಲ್ಲಿ ಓಡಾಡ್ತಿರೋ ರೀಲ್ಸ್ ಎಲ್ಲಾ ದೆವ್ವದ್ದು. ಕಪ್ಪು-ಬಿಳುಪು ಫಿಲ್ಟರ್, ಗೂಬೆ ಕೂಗು, ಬಿಳಿ ಸೀರೆ (ಬ್ರಿಟಿಷ್ ದೆವ್ವಕ್ಕೆ ಸೀರೆ ಉಡಿಸಿದವರು ಯಾರೋ!). ಅದನ್ನು ನೋಡಿ ನೋಡಿ ಸಾಕಾಗಿ ಈ ಕಂತು ಬರೀತಿದೀನಿ. ಕಲ್ಲಿನ ಮೇಲೆ ಬರೆದದ್ದನ್ನು ಯಾರೂ ಓದ್ತಿಲ್ಲ. ಓದಿದ್ರೆ ನಮ್ಮ ಬೆಂಗಳೂರಿನ ಕಥೆಯ ಒಂದು ತುಂಡೂ ಅಲ್ಲೇ ಸಿಗುತ್ತೆ.

2/6

ಎಲ್ಲರಿಗೂ ಗೊತ್ತಿರೋ ತಾರೀಖಿನಿಂದ ಶುರು ಮಾಡೋಣ. 1799ರ ಮೇ 4. ಮಧ್ಯಾಹ್ನದ ಬಿಸಿಲಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಸೈನ್ಯ ಕಾವೇರಿ ದಾಟಿ ಕೋಟೆಯ ಬಿರುಕಿಗೆ ನುಗ್ಗಿತು. ಸಂಜೆಯೊಳಗೆ ಟಿಪ್ಪು ಸುಲ್ತಾನ್ ಸತ್ತಿದ್ದ. ಮರುದಿನ ಅವನನ್ನು ತಂದೆ ಹೈದರ್ ಅಲಿಯ ಪಕ್ಕದಲ್ಲಿ, ಈಗ ನಾವು ಗುಂಬಜ್ ಅಂತ ಕರೆಯೋ ಕಟ್ಟಡದಲ್ಲಿ, ಸೈನಿಕ ಮರ್ಯಾದೆಯೊಂದಿಗೆ ಮಣ್ಣು ಮಾಡಿದರು.

ಆ ದಾಳಿಯಲ್ಲಿ ಒಂದು ವಿಚಿತ್ರ ಪಡೆ ಇತ್ತು: ದ ಮೆರೋನ್ ರೆಜಿಮೆಂಟ್. ಇವರು ಇಂಗ್ಲಿಷರಲ್ಲ. ಈಗಿನ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್ ಊರಿನ ಶಾರ್ಲ್ ದಾನಿಯೆಲ್ ದ ಮೆರೋನ್ ಎಂಬಾತ 1781ರಲ್ಲಿ ಈ ಪಡೆ ಕಟ್ಟಿದ್ದು ಡಚ್ ಈಸ್ಟ್ ಇಂಡಿಯಾ ಕಂಪನಿಗೋಸ್ಕರ. ಪೂರ್ತಿ ಬಾಡಿಗೆ ಸೈನ್ಯ. ನಮ್ಮ ಸಿಲಬಸ್ ಭಾಷೆಯಲ್ಲಿ ಹೇಳೋದಾದ್ರೆ ಔಟ್‌ಸೋರ್ಸಿಂಗ್. ಮೊದಲು ದಕ್ಷಿಣ ಆಫ್ರಿಕಾದ ಕೇಪ್‌ನಲ್ಲಿದ್ದರು, ಆಮೇಲೆ ಸಿಲೋನಿಗೆ ಬಂದರು. 1795ರಲ್ಲಿ ಬ್ರಿಟಿಷರ ಕಡೆಯ ಹ್ಯೂ ಕ್ಲೆಗ್‌ಹಾರ್ನ್ ಅನ್ನೋ ಪ್ರೊಫೆಸರ್ ನ್ಯೂಶಾಟೆಲ್‌ಗೇ ಹೋಗಿ ಮಾಲೀಕನ ಜೊತೆ ವ್ಯವಹಾರ ಕುದುರಿಸಿದ. ಇಡೀ ರೆಜಿಮೆಂಟ್ ಒಂದು ಸಹಿಯಲ್ಲಿ ಡಚ್ಚರಿಂದ ಬ್ರಿಟಿಷರಿಗೆ ವರ್ಗವಾಯ್ತು. ಕೊಲಂಬೊ ಕೋಟೆಯೊಳಗಿದ್ದ ಅಧಿಕಾರಿಗೆ ಈ ಸುದ್ದಿಯನ್ನು ಚೀಸ್ ಗಡ್ಡೆಯೊಳಗೆ ಚೀಟಿ ಇಟ್ಟು ಕಳಿಸಿದರು ಅಂತ ಒಂದು ಕಥೆ ಇದೆ. ನಿಜಾನೋ ಸುಳ್ಳೋ, ಕಥೆ ಮಾತ್ರ ಸಿನಿಮಾಕ್ಕೆ ಸಾಲುತ್ತೆ.

ಅಲ್ಲಿ ಆದ ಸಹಿಗೂ ಮಂಡ್ಯ ಜಿಲ್ಲೆಯಲ್ಲಿರೋ ಗೋರಿಗಳಿಗೂ ಇರೋ ನಂಟು ಇದೇ. ಬೆಟ್ಟ, ಹಿಮ, ಸರೋವರದ ಊರಲ್ಲಿ ಹುಟ್ಟಿದವರ ಹೆಸರು ಕಾವೇರಿ ದಂಡೆಯ ಕಲ್ಲಲ್ಲಿ ಬಂದು ಕೂತಿದೆ. ಅವರು ಸಂಬಳಕ್ಕೆ ಬಂದವರು. ಯಾರ ವಿರುದ್ಧ ಹೊಡೆದಾಡ್ತಿದ್ದೀವಿ ಅನ್ನೋದು ಅವರಲ್ಲಿ ಬಹಳ ಜನಕ್ಕೆ ದೊಡ್ಡ ವಿಷಯವೇ ಆಗಿರಲಿಕ್ಕಿಲ್ಲ ಅಂತ ನನಗನ್ಸುತ್ತೆ.

3/6

ಈಗ ಮುಖ್ಯ ವಿಷಯ. ಸ್ವೈಪ್ ಮಾಡಿ ಮೂರನೇ ಫೋಟೊ ನೋಡಿ, ತಾರೀಖುಗಳ ಕ್ಲೋಸಪ್.

ಇದನ್ನು "1799ರ ಯುದ್ಧದಲ್ಲಿ ಸತ್ತವರ ಸ್ಮಶಾನ" ಅಂತ ಎಲ್ಲರೂ ಹೇಳ್ತಾರೆ. ಆದರೆ ಸ್ಮಶಾನ ಶುರುವಾದದ್ದೇ 1800ರ ಸುಮಾರಿಗೆ. ಓದೋಕಾಗೋ ಕಲ್ಲುಗಳಲ್ಲಿರೋದು ಆಮೇಲಿನ ವರ್ಷಗಳು. ಅಂದ್ರೆ ಯುದ್ಧ ಮುಗಿದು, ಗೆದ್ದು, ಹಂಚಿಕೊಂಡು, ಆರಾಮಾಗಿ ಕೂತ ಮೇಲೆ ಸತ್ತವರು ಇವರು. ಜೊತೆಗೆ ಹೆಂಡತಿಯರು, ಮಕ್ಕಳು. ಗುಂಡಿಗೆ ಸಿಕ್ಕದವರನ್ನು ಜ್ವರ ಹಿಡಿದುಕೊಂಡಿತು.

ಶ್ರೀರಂಗಪಟ್ಟಣ ಅಂದ್ರೆ ದ್ವೀಪ. ಸುತ್ತ ನದಿ, ಕಾಲುವೆ, ಗದ್ದೆ, ಕೋಟೆಯ ಕಂದಕದಲ್ಲಿ ನಿಂತ ನೀರು. ಶತ್ರುವನ್ನು ದೂರ ಇಡೋಕೆ ಇದಕ್ಕಿಂತ ಒಳ್ಳೇ ಜಾಗ ಇಲ್ಲ, ಸೊಳ್ಳೆಗೂ ಇದಕ್ಕಿಂತ ಒಳ್ಳೇ ಜಾಗ ಇಲ್ಲ. ಆಗಿನವರಿಗೆ ಸೊಳ್ಳೆಯ ವಿಷಯ ಗೊತ್ತಿರಲಿಲ್ಲ, "ಕೆಟ್ಟ ಗಾಳಿ" ಅಂತಿದ್ದರು. ಮಲೇರಿಯಾ ಅನ್ನೋ ಪದದ ಅರ್ಥವೂ ಅದೇ. ಸೊಳ್ಳೆಯ ಹೊಟ್ಟೆಯಲ್ಲಿ ಮಲೇರಿಯಾದ ಜೀವಿಯನ್ನು ರೊನಾಲ್ಡ್ ರಾಸ್ ಕಂಡುಹಿಡಿದದ್ದು 1897ರಲ್ಲಿ, ಸಿಕಂದರಾಬಾದಿನಲ್ಲಿ. ಅಷ್ಟೊತ್ತಿಗೆ ಈ ಗೋರಿಗಳಿಗೇ ವಯಸ್ಸಾಗಿತ್ತು. (ಇದೇ ರಾಸ್ 1883ರಲ್ಲಿ ಬೆಂಗಳೂರಲ್ಲಿದ್ದಾಗ, ಮನೆ ಹತ್ರ ನಿಂತ ನೀರು ತೆಗೆದ್ರೆ ಸೊಳ್ಳೆ ಕಮ್ಮಿ ಆಗುತ್ತೆ ಅಂತ ಗಮನಿಸಿದ್ದ.)

ಸೈನಿಕರು ಹೀಗೆ ಕಾಯಿಲೆ ಬಿದ್ದು ಬಿದ್ದು ಸಾಯ್ತಿದ್ರೆ ಯಾವ ಸರ್ಕಾರ ತಾನೇ ಸುಮ್ಮನಿರುತ್ತೆ? ಒಬ್ಬ ಸೈನಿಕನನ್ನು ಹಡಗಲ್ಲಿ ತಂದು, ತರಬೇತಿ ಕೊಟ್ಟು, ಊಟ ಹಾಕಿ, ಕೊನೆಗೆ ಜ್ವರಕ್ಕೆ ಕಳಕೊಳ್ಳೋದು ಶುದ್ಧ ನಷ್ಟ. ಒಣ ಹವೆಯ, ಎತ್ತರದ ಜಾಗ ಹುಡುಕಿದರು. 1809ರಲ್ಲಿ ಸೈನ್ಯದ ನೆಲೆ ಬೆಂಗಳೂರಿಗೆ ಬಂತು. ಹಲಸೂರು ಕಡೆ ದಂಡು ಪ್ರದೇಶ ಬೆಳೀತು. ಇವತ್ತು ನಾವು ಫೋಟೊ ವಾಕ್ ಅಂತ ಸುತ್ತೋ ಎಂ.ಜಿ. ರೋಡ್, ಪರೇಡ್ ಗ್ರೌಂಡ್, ಕಂಟೋನ್ಮೆಂಟ್ ಸ್ಟೇಷನ್ ಎಲ್ಲಾ ಆ ದಂಡಿನ ಭಾಗ.

ಇನ್ನೊಂದು ಲೆಕ್ಕ ಇದೆ, ನನಗೆ ತುಂಬಾ ಇಷ್ಟವಾದದ್ದು. 1799ರ ನಂತರ ರಾಜಧಾನಿ ಮೈಸೂರಿಗೆ ಹೋಯ್ತು, ಆದರೆ ಶ್ರೀರಂಗಪಟ್ಟಣ ದ್ವೀಪವನ್ನು ಕಂಪನಿ ತನ್ನ ಕೈಯಲ್ಲೇ ಇಟ್ಟುಕೊಂಡಿತು. 1881ರಲ್ಲಿ ರಾಜ್ಯವನ್ನು ಒಡೆಯರಿಗೆ ವಾಪಸ್ ಕೊಡುವಾಗ ದ್ವೀಪವನ್ನೂ ಬಿಟ್ಟುಕೊಟ್ಟರು. ಅದಕ್ಕೆ ಬದಲು ಬೆಂಗಳೂರಿನ ಕಂಟೋನ್ಮೆಂಟನ್ನು ತಮ್ಮ ಆಡಳಿತದಲ್ಲಿ ಉಳಿಸಿಕೊಂಡರು. ಜ್ವರದ ದ್ವೀಪ ಕೊಟ್ಟು ತಂಪು ಊರು ತಗೊಂಡರು. ಈ ಎಂಟ್ರಿಯಲ್ಲಿ ಲಾಭ ಯಾರಿಗೆ ಅಂತ ನೀವೇ ಹೇಳಿ.

4/6

ದೆವ್ವದ ವಿಷಯಕ್ಕೆ ಬರ್ತೀನಿ, ಬರದೇ ಇದ್ರೆ ಬಿಡಲ್ಲ ನೀವು.

ಹತ್ತಿರದಲ್ಲೇ ನದಿ ದಂಡೆಯಲ್ಲಿ ಸ್ಕಾಟ್ಸ್ ಬಂಗಲೆ ಇದೆ. ಕಥೆ ಹೀಗೆ: ಕರ್ನಲ್ ಸ್ಕಾಟ್ ಕೆಲಸದ ಮೇಲೆ ಊರಿಂದ ಹೋಗಿ ವಾಪಸ್ ಬಂದಾಗ ಹೆಂಡತಿ, ಹೆಣ್ಣುಮಕ್ಕಳು ಎಲ್ಲರೂ ಕಾಲರಾ ಬಂದು ಸತ್ತಿದ್ದರು. ಅವನು ಹುಚ್ಚು ಹಿಡಿದವನ ಹಾಗೆ ಎದ್ದು ಹೊರಟುಹೋದ, ಮತ್ತೆ ಯಾರಿಗೂ ಕಾಣಲಿಲ್ಲ. ಮಹಾರಾಜರು ಆ ಮನೆಯ ಮೇಜು-ಕುರ್ಚಿಯನ್ನೂ ಮುಟ್ಟಗೊಡದೆ ಹಾಗೇ ಕಾಪಾಡಿಸಿದರು. 19ನೇ ಶತಮಾನದಲ್ಲಿ ಒಬ್ಬ ಇಂಗ್ಲಿಷ್ ಸೈನಿಕ-ಕವಿ ಇದರ ಮೇಲೆ ಪದ್ಯವನ್ನೂ ಬರೆದ, ಕಥೆ ಇನ್ನಷ್ಟು ಹಬ್ಬಿತು. ಅಂದಿನ ವೈರಲ್ ಅಂದ್ರೆ ಇದೇ.

ದಾಖಲೆ ಹೇಳೋದು ಬೇರೆ. ಸ್ಕಾಟ್‌ನ ಹೆಂಡತಿ ತೀರಿಕೊಂಡದ್ದು 1817ರಲ್ಲಿ, ಹೆರಿಗೆಯಲ್ಲಿ. ಅವಳನ್ನು ಇದೇ ಗ್ಯಾರಿಸನ್ ಸ್ಮಶಾನದಲ್ಲಿ ಮಣ್ಣು ಮಾಡಿದ್ದಾರೆ.

ಕಾಲರಾ ಒಂದೇ ರಾತ್ರಿಯಲ್ಲಿ ಮನೆ ಖಾಲಿ ಮಾಡಿತು ಅನ್ನೋದು ಕೇಳೋಕೆ ಮೈ ಜುಮ್ ಅನ್ನುತ್ತೆ. ಹೆರಿಗೆಯಲ್ಲಿ ಸತ್ತಳು ಅಂದ್ರೆ ಯಾರೂ ರೀಲ್ಸ್ ಮಾಡಲ್ಲ, ಯಾಕಂದ್ರೆ ಅದು ಆಗ ಎಲ್ಲಾ ಕಡೆ ಆಗ್ತಿತ್ತು. ಕೋಟೆಯೊಳಗಿನ ಹೆಂಗಸರಿಗೂ ಆಗ್ತಿತ್ತು, ಗಂಜಾಂನಲ್ಲಿ ಗದ್ದೆ ಕೆಲಸ ಮಾಡ್ತಿದ್ದ ಹೆಂಗಸರಿಗೂ ಆಗ್ತಿತ್ತು. ನಮ್ಮ ಅಜ್ಜಿಯಂದಿರ ಕಾಲದವರೆಗೂ "ಬಾಣಂತನದಲ್ಲಿ ಹೋಗ್ಬಿಟ್ಳು" ಅನ್ನೋ ಮಾತು ಪ್ರತಿ ಮನೆಯಲ್ಲೂ ಇತ್ತು. ಅಂಥ ಸಾವಿಗೆ ಹೆದರಿಕೆಯ ಮ್ಯೂಸಿಕ್ ಹಾಕಿದ್ರೆ ನನಗೆ ಕೋಪ ಬರುತ್ತೆ, ಅಷ್ಟೇ.

ಇಲ್ಲಿ ಮಕ್ಕಳ ಗೋರಿಗಳೂ ಇವೆ. ಅವುಗಳನ್ನು ನಾನು ಹತ್ತಿರದಿಂದ ತೆಗೀತೀನಿ, ಆದರೆ ಇಲ್ಲಿ ಹಾಕಲ್ಲ. ಅದ್ಯಾಕೋ ಸರಿ ಅನ್ಸಲ್ಲ.

5/6

ಕ್ಯಾಪ್ಷನ್ ಬಗ್ಗೆ ಎರಡು ಮಾತು, ಯಾಕಂದ್ರೆ ದಿನಾ ಇಲ್ಲಿ ಬರೆಯೋನು ನಾನು.

ಗೋರಿ ಕಲ್ಲಿನ ಬರಹವೂ ಕ್ಯಾಪ್ಷನ್ನೇ. ಹೆಸರು, ಹುದ್ದೆ, ತಾರೀಖು, ವಯಸ್ಸು, ಒಂದು ಸಾಲು ಹೊಗಳಿಕೆ. ವ್ಯತ್ಯಾಸ ಏನಂದ್ರೆ ನಮ್ಮದನ್ನು ನಾವೇ ಬರ್ಕೋತೀವಿ, ಅವರದ್ದನ್ನು ಬೇರೆಯವರು ಬರೆಸಿದ್ದು. ಭಾರತದಲ್ಲಿದ್ದ ಬ್ರಿಟಿಷ್ ಅಧಿಕಾರಿ ಸತ್ತರೆ ಎಷ್ಟೋ ಸಲ ಜೊತೆಯ ಅಧಿಕಾರಿಗಳೇ ದುಡ್ಡು ಹಾಕಿ ಕಲ್ಲು ಹಾಕಿಸ್ತಿದ್ದರು. ಸತ್ತವನ ಸಾಮಾನು, ಕುದುರೆ, ಬಟ್ಟೆ ಎಲ್ಲಾ ರೆಜಿಮೆಂಟಿನೊಳಗೇ ಹರಾಜಾಗ್ತಿತ್ತು. ನಿನ್ನೆ ಪಕ್ಕದಲ್ಲಿ ಕೂತು ಊಟ ಮಾಡಿದವನ ಕೋಟನ್ನು ಇವತ್ತು ಇನ್ನೊಬ್ಬ ಹಾಕಿಕೊಂಡು ಬರ್ತಿದ್ದ. ಮನೆಗೆ ಸುದ್ದಿ ಮುಟ್ಟೋಕೆ ತಿಂಗಳುಗಟ್ಟಲೆ ಆಗ್ತಿತ್ತು. ಅಷ್ಟು ದಿನ ಅಮ್ಮ ಅಲ್ಲಿ ಮಗ ಬದುಕಿದ್ದಾನೆ ಅಂತಲೇ ಕಾಗದ ಬರೀತಿದ್ದಿರಬೇಕು.

ಸರಿ, ಹೆಸರಿರೋರ ಕಥೆ ಇದಾಯ್ತು. ಹೆಸರು ಇಲ್ಲದವರು? ಕಂಪನಿಯ ಸೈನ್ಯದಲ್ಲಿ ಬಹುಪಾಲು ಜನ ನಮ್ಮವರೇ, ಸಿಪಾಯಿಗಳು. ಕೋಟೆಯ ಇನ್ನೊಂದು ಕಡೆ ನಿಂತು ಸತ್ತವರೂ ನಮ್ಮವರೇ. ಗ್ಯಾರಿಸನ್ ಸ್ಮಶಾನದಲ್ಲಿರೋದು ಯುರೋಪಿನ ಅಧಿಕಾರಿಗಳು, ಅವರ ಕುಟುಂಬದವರು. ಸಿಪಾಯಿಯ ಹೆಸರಿಗೆ ಅಲ್ಲಿ ಕಲ್ಲಿಲ್ಲ.

ಇದಕ್ಕೇ ನನಗೆ ಆತಕೂರಿನ ಕಲ್ಲು ನೆನಪಾಗೋದು. ಅದೂ ಇದೇ ಮಂಡ್ಯ ಜಿಲ್ಲೆಯ ಮದ್ದೂರು ತಾಲ್ಲೂಕಿನದು, ಕ್ರಿ.ಶ. 949ರ ಸುಮಾರಿನದು, ಈಗ ಬೆಂಗಳೂರಿನ ಕಸ್ತೂರ್ಬಾ ರಸ್ತೆಯ ಮ್ಯೂಸಿಯಂನಲ್ಲಿದೆ. ಗಂಗರ ದೊರೆ ಬೂತುಗನ ಕಡೆಯ ಮಣಲೇರ ಅನ್ನೋ ವೀರ ತಕ್ಕೋಲದ ಯುದ್ಧದಲ್ಲಿ ಚೆನ್ನಾಗಿ ಹೋರಾಡಿದ. ದೊರೆ ಏನು ಬೇಕು ಅಂದಾಗ ಅವನು ಕೇಳಿದ್ದು ಕಾಳಿ ಅನ್ನೋ ಬೇಟೆನಾಯಿಯನ್ನು. ಆ ಕಾಳಿಯನ್ನು ಒಂದು ಹಂದಿಯ ಮೇಲೆ ಬಿಟ್ಟಾಗ ನಾಯಿ, ಹಂದಿ ಎರಡೂ ಸತ್ತವು. ನಾಯಿಗೆ ಕಲ್ಲು ನಿಲ್ಲಿಸಿದರು, ನಾಯಿ-ಹಂದಿ ಕಾದಾಟವನ್ನು ಕೆತ್ತಿಸಿದರು, ಕಲ್ಲಿನ ಪೂಜೆ ನಿಲ್ಲದ ಹಾಗೆ ಭೂಮಿಯನ್ನೂ ಬಿಟ್ಟರು.

ಅಂದ್ರೆ ಹತ್ತನೇ ಶತಮಾನದಲ್ಲಿ ಒಂದು ನಾಯಿಗೆ ಹೆಸರು ಸಮೇತ ಕಲ್ಲು, ಜೊತೆಗೆ ಮೇಂಟೆನೆನ್ಸ್ ಫಂಡು. 1799ರ ಸಿಪಾಯಿಗೆ ಎರಡೂ ಇಲ್ಲ. ಹಾಗಂತ ಹಳೇ ಕಾಲ ಎಲ್ಲರಿಗೂ ಒಳ್ಳೇದಿತ್ತು ಅಂತ ನಾನು ಹೇಳ್ತಿಲ್ಲ, ಆಗಲೂ ಕಲ್ಲು ಸಿಕ್ಕಿದ್ದು ಯಾರಾದರೂ ನಿಲ್ಲಿಸೋರು ಇದ್ದವರಿಗೆ ಮಾತ್ರ.

6/6

ದ ಮೆರೋನ್ ಪಡೆ ಏನಾಯ್ತು ಅಂತ ಕೇಳ್ತೀರ, ಹೇಳಿಬಿಡ್ತೀನಿ. 1806ರಲ್ಲಿ ಅವರು ಭಾರತ ಬಿಟ್ಟರು. ಮೆಡಿಟರೇನಿಯನ್ ಕಡೆ ಹೋದರು, 1813ರಲ್ಲಿ ಕೆನಡಾಕ್ಕೆ, ಅಲ್ಲಿ ಅಮೆರಿಕದವರ ವಿರುದ್ಧ ಯುದ್ಧ. 1816ರಲ್ಲಿ ಪಡೆಯನ್ನು ವಿಸರ್ಜಿಸಿದರು. ಕೆಲಸ ಹೋದ ಸುಮಾರು ನೂರು ಜನರನ್ನು ಲಾರ್ಡ್ ಸೆಲ್ಕರ್ಕ್ ತನ್ನ ರೆಡ್ ರಿವರ್ ವಸಾಹತು ಕಾಯೋಕೆ ಕರ್ಕೊಂಡುಹೋದ. ಅದು ಈಗಿನ ವಿನ್ನಿಪೆಗ್. ಅಲ್ಲಿನ ಸೇಂಟ್ ಬೋನಿಫೇಸ್ ಅನ್ನೋ ಪ್ರದೇಶಕ್ಕೆ ಆ ಹೆಸರು ಬಂದದ್ದು ಜರ್ಮನ್ ಮಾತಾಡ್ತಿದ್ದ ಈ ಸೈನಿಕರಿಂದಾಗಿ. ಬೋನಿಫೇಸ್ ಜರ್ಮನ್ನರ ಸಂತ. 1826ರ ದೊಡ್ಡ ಪ್ರವಾಹದ ನಂತರ ಅವರು ಅಲ್ಲಿಂದಲೂ ಎದ್ದುಹೋದರು. ಕಾವೇರಿ ದಂಡೆಯಲ್ಲಿ ಶುರುವಾದ ಪೋಸ್ಟ್ ಹಿಮದ ಊರಿಗೆ ಹೋಗುತ್ತೆ ಅಂತ ಓದೋಕೆ ಶುರು ಮಾಡಿದಾಗ ನಾನೂ ಅಂದ್ಕೊಂಡಿರಲಿಲ್ಲ.

ಸ್ಮಶಾನ ಬಹಳ ವರ್ಷ ಗಿಡಗಂಟಿಯಲ್ಲಿ ಮುಚ್ಚಿಹೋಗಿತ್ತು. ಈ ಶತಮಾನದ ಮೊದಲ ದಶಕದಲ್ಲಿ ದ ಮೆರೋನ್ ವಂಶದವರೇ ಬಂದು, ಹಣ ಕೊಟ್ಟು ದುರಸ್ತಿ ಮಾಡಿಸಿದರು. ಇನ್ನೂರು ವರ್ಷದ ನಂತರ ಮೊಮ್ಮಕ್ಕಳ ಮೊಮ್ಮಕ್ಕಳು ಬಂದು ಲೆಕ್ಕ ತೀರಿಸಿದ ಹಾಗಾಯ್ತು. ಬಂದು ಕೇಳೋ ವಂಶ ಇಲ್ಲದ ಗೋರಿಗಳು ಕರ್ನಾಟಕದಲ್ಲಿ ಎಷ್ಟೋ ಇವೆ.

ಫೋಟೊ ತೆಗೆಯೋಕೆ ಹೋಗೋರಿಗೆ ಒಂದಿಷ್ಟು ಹೇಳ್ಬೇಕು. ಸವೆದ ಅಕ್ಷರ ನೆತ್ತಿ ಮೇಲಿನ ಬಿಸಿಲಲ್ಲಿ ಕಾಣಲ್ಲ. ಬೆಳಗ್ಗೆ ಬೇಗ ಅಥವಾ ಸಂಜೆ ನಾಲ್ಕೂವರೆ ಮೇಲೆ ಹೋಗಿ, ಬೆಳಕು ಪಕ್ಕದಿಂದ ಬಿದ್ದಾಗ ಅಕ್ಷರದ ಅಂಚಲ್ಲಿ ನೆರಳು ನಿಲ್ಲುತ್ತೆ. ಮೋಡ ಇದ್ರೆ ಫ್ರೆಂಡ್ ಕೈಲಿ ಫೋನ್ ಟಾರ್ಚ್ ಕೊಟ್ಟು ಕಲ್ಲಿನ ಬದಿಯಿಂದ ಓರೆಯಾಗಿ ಹಿಡಿಸಿ. ಅಕ್ಷರ ಎದ್ದು ಕಾಣಲಿ ಅಂತ ಸೀಮೆಸುಣ್ಣ, ಹಿಟ್ಟು, ಎಣ್ಣೆ ಏನೂ ಬಳಿಬೇಡಿ. ಪಾಚಿ ಕೆರೆಯೋದೂ ಬೇಡ, ಪಾಚಿ ಜೊತೆ ಅಕ್ಷರಾನೂ ಉದುರುತ್ತೆ. ಗೋರಿ ಮೇಲೆ ಹತ್ತಿ ಕೂತು ಪೋಸ್ ಕೊಡೋದು... ಹೇಳಬೇಕಾಗಿಲ್ಲ ಅಂದ್ಕೋತೀನಿ. ಗಾರೆ ಒಳಗಿಂದ ಟೊಳ್ಳಾಗಿರುತ್ತೆ, ಮರ್ಯಾದೆ ಜೊತೆಗೆ ಮೊಣಕಾಲೂ ಹೋಗುತ್ತೆ.

ಮುಂದಿನ ಕಂತು ಬೇಗೂರಿನ ನಾಗೇಶ್ವರ ದೇವಸ್ಥಾನದ ಕಲ್ಲು, ಅಂದ್ರೆ "ಬೆಂಗಳೂರು" ಅನ್ನೋ ಹೆಸರು ಸಿಗೋ ಒಂಬತ್ತನೇ ಶತಮಾನದ ವೀರಗಲ್ಲು. ಅದೂ ಒಬ್ಬ ಸತ್ತವನ ಕಲ್ಲೇ. ಇಂಟರ್ನಲ್ಸ್ ಮುಗಿದ ಮೇಲೆ ಹಾಕ್ತೀನಿ. ನಿಮ್ಮೂರಲ್ಲಿ ಹೊಲದ ಬದುವಲ್ಲೋ, ಬಸ್‌ಸ್ಟ್ಯಾಂಡ್ ಹಿಂದೆಯೋ ವೀರಗಲ್ಲು, ಮಾಸ್ತಿಕಲ್ಲು ಬಿದ್ದಿದ್ರೆ ಫೋಟೊ ಕಳ್ಸಿ, ಊರಿನ ಹೆಸರು ಬರೀರಿ.