ಭಗ್ನ ನಾಣ್ಯಗಳ ಜೀರ್ಣೋದ್ಧಾರ ಯುಕ್ತವೇ?

ಅಬಲೂರಿನ ಸೋಮೇಶ್ವರ ದೇವಾಲಯದಲ್ಲಿ, ಏಕಾಂತದ ರಾಮಯ್ಯನು ಜಿನಬಿಂಬವನ್ನು ಭಂಗಿಸಿದ ಪ್ರಸಂಗವನ್ನು ಶಿಲ್ಪಫಲಕವೂ ಸುಮಾರು ಕ್ರಿ.ಶ. 1200ರ ಶಾಸನವೂ ನಿರೂಪಿಸುತ್ತವೆ. ಜೈನರಾದ ನಮಗೆ ಅದು ನೋವಿನ ವಾರ್ತೆಯೇ ಸರಿ. ಆದರೂ ಅದನ್ನು ಯಾರಾದರೂ ಕೆತ್ತಿ ತಿದ್ದಿದ್ದರೆ, ಆ ಊರಿನ ಪ್ರಾಚೀನ ಜೈನಸಮುದಾಯದ ಸಾಕ್ಷ್ಯವೊಂದನ್ನು ನಾವೇ ಕಳೆದುಕೊಳ್ಳುತ್ತಿದ್ದೆವು. ಸವೆದ, ತೂತುಬಿದ್ದ ನಾಣ್ಯಗಳನ್ನು ಸರಿಪಡಿಸಬಹುದೇ ಎಂದು ಸಂಗ್ರಾಹಕರಾದ ಶ್ರಾವಕರು ಕೇಳಿದಾಗ ನನಗೆ ಈ ಕಲ್ಲು ನೆನಪಾಗುತ್ತದೆ.

ಆ ಕಾಲದ ಗದ್ಯಾಣಗಳಲ್ಲಿ ಬಿಡಿ ಮುದ್ರೆಗಳನ್ನೊತ್ತಿದ ತೆಳುವಾದ ಹೊನ್ನಿನ ಬಿಲ್ಲೆಗಳುಂಟು. ಕೊರಳಲ್ಲಿ ಧರಿಸಲು ಕೆಲವಕ್ಕೆ ತೂತು ಕೊರೆದಿರುವುದುಂಟು. ಆ ತೂತೂ ಚರಿತ್ರೆಯೇ. ಅಕ್ಕಸಾಲಿಗನು ಬೆಸುಗೆಯಿಂದ ಅದನ್ನು ಮುಚ್ಚಿದರೆ ತೂಕ ಹೆಚ್ಚುತ್ತದೆ. ಬೆಸುಗೆಯ ಬೆಳ್ಳಿ ತಾಮ್ರಗಳು ಸೇರಿ ಹೊನ್ನಿನ ಮಟ್ಟವೂ ಕೆಡುತ್ತದೆ. ನಾಣ್ಯದ ಕಾಲನಿರ್ಣಯಕ್ಕೆ ಇವೆರಡೂ ಮುಖ್ಯ ಆಧಾರಗಳು. ಓಲೆಗಳಲ್ಲಿಯೂ ಹಾಗೆಯೇ: ತ್ರುಟಿತ ಸ್ಥಳವನ್ನು ತೆರವಾಗಿ ಬಿಟ್ಟ ಲಿಪಿಕಾರನು ಉಪಕಾರಿ, ತನ್ನ ಊಹೆಯನ್ನು ತುಂಬಿದವನೇ ನಮ್ಮನ್ನು ಕಾಡಿದವನು.

ದುರಸ್ತಿಯನ್ನು ಮರೆಮಾಚಿ ಮಾರುವುದಂತೂ ಸಲ್ಲದು. ತತ್ತ್ವಾರ್ಥಸೂತ್ರವು ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಪ್ರತಿರೂಪಕವ್ಯವಹಾರವನ್ನು ಎಣಿಸಿದೆ. ಕೃತ್ರಿಮ ಹಿರಣ್ಯಾದಿಗಳಿಂದ ವಂಚಿಸುವುದೇ ಅದೆಂದು ಪೂಜ್ಯಪಾದರು ವಿವರಿಸಿದ್ದಾರೆ.

ತಾಮ್ರದ ನಾಣ್ಯದಲ್ಲಿ ತಿಳಿಹಸಿರು ಪುಡಿ ಏಳುತ್ತಿದ್ದರೆ ಮಾತು ಬೇರೆ. ಅದು ಓಲೆಗೆ ಹುಳು ಹತ್ತಿದಂತೆ. ಅದನ್ನು ತಡೆಯುವುದು ರಕ್ಷಣೆ, ದುರಸ್ತಿಯಲ್ಲ. ಅಂಥ ನಾಣ್ಯವನ್ನು ಬೇರ್ಪಡಿಸಿ, ತೇವವಿಲ್ಲದೆಡೆ ಇಟ್ಟು, ಸಂರಕ್ಷಣತಜ್ಞರಿಗೆ ತೋರಿಸತಕ್ಕದ್ದು. ಹುಣಸೆಹುಳಿ ಹಚ್ಚಿ ತಿಕ್ಕುವ ಮನೆಮದ್ದನ್ನು ದಯವಿಟ್ಟು ಬಿಡಬೇಕು. ಕಿಲುಬಿನೊಡನೆ ಅಕ್ಷರವೂ ಹೋಗುತ್ತದೆ.