ವಾಜಪೇಯಿ ಆರೋಗ್ಯಶ್ರೀ ಮೌಲ್ಯಮಾಪನ ಅಧ್ಯಯನ

ಬಡವರ ದುಬಾರಿ ಶಸ್ತ್ರಚಿಕಿತ್ಸೆಯ ವೆಚ್ಚವನ್ನು ಸರ್ಕಾರವೇ ಭರಿಸಿದರೆ ಸಾವುಗಳು ನಿಜಕ್ಕೂ ಕಡಿಮೆಯಾಗುತ್ತವೆಯೇ ಎಂದು ಕರ್ನಾಟಕದ ಹಳ್ಳಿಗಳಲ್ಲಿ ಪರೀಕ್ಷಿಸಿದ ಸಂಶೋಧನೆ. ನೀರಜ್ ಸೂದ್, ಎರಾನ್ ಬೆಂಡೇವಿಡ್, ಬೆಂಗಳೂರು ಐಐಎಂನ ಅರ್ನಬ್ ಮುಖರ್ಜಿ ಹಾಗೂ ಸಂಗಡಿಗರ ಈ ಅಧ್ಯಯನ 2014ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು.

ಯೋಜನೆ

ವಾಜಪೇಯಿ ಆರೋಗ್ಯಶ್ರೀ 2010ರ ಫೆಬ್ರವರಿಯಲ್ಲಿ ಕಲಬುರಗಿ ವಿಭಾಗದಲ್ಲಿ ಆರಂಭವಾಯಿತು. ಬಿಪಿಎಲ್ ಕಾರ್ಡಿದ್ದ ಕುಟುಂಬ ವಿಮೆಯ ಕಂತು ಕಟ್ಟಬೇಕಿರಲಿಲ್ಲ. ಹೃದಯ, ಕ್ಯಾನ್ಸರ್, ಮೂತ್ರಪಿಂಡ, ನರರೋಗ, ಸುಟ್ಟಗಾಯ ಮುಂತಾದವುಗಳಿಗೆ ನೋಂದಾಯಿತ ಆಸ್ಪತ್ರೆಗಳಲ್ಲಿ ನಗದುರಹಿತ ಚಿಕಿತ್ಸೆ ಸಿಗುತ್ತಿತ್ತು. ಊರುಗಳಲ್ಲಿ ತಪಾಸಣಾ ಶಿಬಿರ ನಡೆಯುತ್ತಿತ್ತು; ಕಾಗದಪತ್ರಗಳ ಕೆಲಸಕ್ಕೆ ಆರೋಗ್ಯಮಿತ್ರರಿದ್ದರು. ಹೊಣೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟ್‌ನದು.

ಗಡಿಯೇ ಅಳತೆಗೋಲು

ಯೋಜನೆ ಮೊದಲು ಬಂದದ್ದು ಉತ್ತರದ ವಿಭಾಗಗಳಿಗೆ. ದಕ್ಷಿಣಕ್ಕೆ ವಿಸ್ತರಿಸಿದ್ದು 2012ರಲ್ಲಿ. ನಡುವಿನ ಅವಧಿಯಲ್ಲಿ ಆಡಳಿತದ ಗೆರೆಯೊಂದು ಒಂದೇ ಸೀಮೆಯನ್ನು ಎರಡಾಗಿಸಿತ್ತು. ಹಡಗಲಿ, ಹಗರಿಬೊಮ್ಮನಹಳ್ಳಿ, ಕೂಡ್ಲಿಗಿ ತಾಲ್ಲೂಕುಗಳು ಆಗ ಬಳ್ಳಾರಿ ಜಿಲ್ಲೆಯವು, ಅಂದರೆ ಕಲಬುರಗಿ ವಿಭಾಗದವು. ಕೊಟ್ಟೂರು ಆಗಿನ್ನೂ ಕೂಡ್ಲಿಗಿ ತಾಲ್ಲೂಕಿನಲ್ಲಿತ್ತು. ಪಕ್ಕದ ಹರಪನಹಳ್ಳಿ 1997ರಲ್ಲೇ ದಾವಣಗೆರೆ ಜಿಲ್ಲೆಗೆ ಸೇರಿದ್ದರಿಂದ ಬೆಂಗಳೂರು ವಿಭಾಗದಲ್ಲಿತ್ತು. ಮಾತು, ಬೆಳೆ, ನಂಟಸ್ತಿಕೆ ಎಲ್ಲವೂ ಒಂದೇ ಆಗಿದ್ದರೂ ಈಚೆಯ ಬಡವರಿಗೆ ಸೌಲಭ್ಯವಿತ್ತು, ಆಚೆಯವರಿಗೆ ಇರಲಿಲ್ಲ. ಹರಪನಹಳ್ಳಿ 2018ರಲ್ಲಿ ಬಳ್ಳಾರಿಗೆ ಮರಳಿತು. ಈಗ ಈ ಎಲ್ಲ ತಾಲ್ಲೂಕುಗಳೂ ವಿಜಯನಗರ ಜಿಲ್ಲೆಯವು.

ಸಂಶೋಧಕರು ಆಧರಿಸಿದ್ದು ರಾಜ್ಯದ ಉದ್ದಕ್ಕೂ ಸಾಗಿದ ಇಂಥ ಗೆರೆಯನ್ನೇ. ಯೋಜನೆಯಿದ್ದ 300 ಹಳ್ಳಿಗಳ 31,476 ಮನೆಗಳನ್ನೂ, ಅವಕ್ಕೆ ಹೋಲುವ, ಯೋಜನೆಯಿಲ್ಲದ 272 ಹಳ್ಳಿಗಳ 28,633 ಮನೆಗಳನ್ನೂ ಸಮೀಕ್ಷೆ ಮಾಡಿದರು. ಇದರ ಮಹತ್ವ ದೊಡ್ಡದು. ಆಸ್ಪತ್ರೆಯ ದಾಖಲೆಯಲ್ಲಿ ಸಿಗುವುದು ಅಲ್ಲಿಗೆ ತಲುಪಿದವರ ಲೆಕ್ಕ ಮಾತ್ರ. ದುಡ್ಡಿಲ್ಲದೆ ಮನೆಯಲ್ಲೇ ತೀರಿಕೊಂಡವರನ್ನು ಎಣಿಸಲು ಮನೆಬಾಗಿಲಿಗೇ ಹೋಗಬೇಕು.

ಫಲಿತಾಂಶ

ಯೋಜನೆಯ ವ್ಯಾಪ್ತಿಗೆ ಬರಬಹುದಾದ ಕಾಯಿಲೆಗಳಿಂದಾದ ಸಾವಿನ ಪ್ರಮಾಣ ಬಿಪಿಎಲ್ ಕುಟುಂಬಗಳಲ್ಲಿ ಗೆರೆಯ ಈಚೆ ಶೇ. 0.32, ಆಚೆ ಶೇ. 0.90. ಸೌಲಭ್ಯಕ್ಕೆ ಅರ್ಹತೆಯೇ ಇಲ್ಲದ ಎಪಿಎಲ್ ಕುಟುಂಬಗಳಲ್ಲಿ ಈಚೆ ಶೇ. 0.56, ಆಚೆ ಶೇ. 0.55. ಅಧ್ಯಯನದ ಬಲವಿರುವುದು ಈ ಎರಡನೆಯ ಜೋಡಿಯಲ್ಲಿ: ನೀರು, ರಸ್ತೆ, ಹವಾಮಾನವೇ ಕಾರಣವಾಗಿದ್ದರೆ ಎಪಿಎಲ್ ಮನೆಗಳಲ್ಲೂ ವ್ಯತ್ಯಾಸ ಕಾಣಬೇಕಿತ್ತು. ಯೋಜನೆಗೆ ಒಳಪಡಬಹುದಾದ ಆಸ್ಪತ್ರೆ ದಾಖಲಾತಿಗಳಿಗೆ ಜನ ಕೈಯಿಂದ ಹಾಕುತ್ತಿದ್ದ ಖರ್ಚು ಶೇ. 64ರಷ್ಟು ಇಳಿದಿತ್ತು.

ಮಿತಿಗಳು

ಚಿಕಿತ್ಸೆ ಪಡೆದವರ ಸಂಖ್ಯೆ ಶೇ. 44ರಷ್ಟು ಹೆಚ್ಚಿದಂತೆ ಕಂಡರೂ ಅದು ಸಂಖ್ಯಾಶಾಸ್ತ್ರದ ಖಚಿತತೆಯ ಮಟ್ಟವನ್ನು ಮುಟ್ಟಲಿಲ್ಲ. ಸಾವು ಇಷ್ಟು ಇಳಿಯಲು ಚಿಕಿತ್ಸೆಯ ಯಾವ ಹಂತ ಕಾರಣವೆಂದು ಆದ್ದರಿಂದ ಖಚಿತವಾಗಿ ಹೇಳಲಾಗದು. ಸಾವಿನ ಕಾರಣ ಮನೆಯವರ ಹೇಳಿಕೆಯನ್ನು ಆಧರಿಸಿದ್ದು. ಚಿಕಿತ್ಸೆಗಳನ್ನು ಯಾದೃಚ್ಛಿಕವಾಗಿ ಹಂಚಿದ ಪ್ರಯೋಗವೂ ಇದಲ್ಲ.

ನಂತರ

2018ರಲ್ಲಿ ರಾಜ್ಯದ ಯೋಜನೆಗಳು ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕದ ಅಡಿ ಒಂದಾದವು. ಬಿಪಿಎಲ್ ಕುಟುಂಬಕ್ಕೆ ವಾರ್ಷಿಕ ಮಿತಿ 5 ಲಕ್ಷ ರೂಪಾಯಿ. ಸೌಲಭ್ಯ ಇಡೀ ರಾಜ್ಯಕ್ಕೆ ಹರಡಿರುವುದರಿಂದ ಈಗ ಅಂಥ ಗೆರೆಯಿಲ್ಲ, ಅದೇ ಬಗೆಯ ಹೋಲಿಕೆಯನ್ನು ಮತ್ತೆ ಮಾಡಲು ಬರುವುದಿಲ್ಲ.